ಎರಡನೇ ಸಲ ಯಾರು ನುಡಿಸ್ತಾರೆ?

"ನಾಲ್ಕಕ್ಕೆ ನಾಲ್ಕೂ ವರ್ಲ್ಡ್ ಪ್ರೀಮಿಯರ್!" ಸುಬ್ಬು ಆರ್ಕೆಸ್ಟ್ರಾದ ಕಾರ್ಯಕ್ರಮದ ಪಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದ. "ಒಂದೇ ಸಂಜೆ, ನಾಲ್ಕು ಹೊಸ ಕೃತಿ. ಈವರೆಗೆ ಭೂಮಿಯ ಮೇಲೆ ಯಾರ ಕಿವಿಗೂ ಬಿದ್ದಿಲ್ಲ. ಏನಂತೀರಿ ರಾಯರೇ?"

"ಎರಡನೇ ಸಲ ಯಾವಾಗ?" ಅಂದರು ರಾಯರು.

"ಯಾವುದರ ಎರಡನೇ ಸಲ?"

"ಅದೇ ನಾಲ್ಕರದು."

ಸುಬ್ಬು ಪಟ್ಟಿಯನ್ನು ತಿರುವಿ ಮುರುವಿ ನೋಡಿದ. "ಅದನ್ನೆಲ್ಲ ಹಾಕಿಲ್ಲ."

"ಹಾಕೋದೂ ಇಲ್ಲ. ನಾಮಕರಣ, ತಿಥಿ ಎರಡೂ ಒಂದೇ ದಿನ ಇಟ್ಟುಕೊಂಡವರು ಎರಡೆರಡು ಪತ್ರಿಕೆ ಯಾಕೆ ಅಚ್ಚು ಹಾಕಿಸ್ತಾರೆ?"

"ಶುರುವಾಯ್ತು," ಅಂದರು ಪದ್ದಕ್ಕ. ಅವರ ಮುಂದೆ ವಯೋಲಾ ಪಾರ್ಟಿನ, ಅಂದರೆ ಆ ವಾದ್ಯವೊಂದರದೇ ಸ್ವರ ಬರೆದ ಹಾಳೆಗಳು, ಕೈಯಲ್ಲಿ ಪೆನ್ಸಿಲ್ಲು.

ನಾಣಿ ಪಟ್ಟಿಯನ್ನು ಎಳೆದುಕೊಂಡು ಓದಿದ. "ಅಲ್ಲ, ಇಲ್ಲಿ ಮೂರನೇದಕ್ಕೆ 'ಪರಿಷ್ಕೃತ ಆವೃತ್ತಿಯ ವರ್ಲ್ಡ್ ಪ್ರೀಮಿಯರ್' ಅಂತಿದೆಯಲ್ಲ. ಅಂದರೆ ಅದನ್ನು ಹಿಂದೆ ಒಂದು ಸಲ ನುಡಿಸಿದ್ದಾರೆ ಅಂತಾಯ್ತು."

"ಜಾಣ! ಅದು ಎರಡನೇ ಪ್ರದರ್ಶನವೇ. ಹಾಗಂತ ಬಾಯಿಬಿಟ್ಟು ಹೇಳಿದರೆ ಮರ್ಯಾದೆ ಹೋಗುತ್ತೆ ಅಂತ ನಾಲ್ಕು ಬಾರ್, ನಮ್ಮ ಆವರ್ತ ಇದ್ದ ಹಾಗೆ, ತೆಗೆದು ಆರು ಬಾರ್ ಸೇರಿಸಿ ಮತ್ತೆ ಪ್ರಥಮ ಮಾಡಿದ್ದಾರೆ. ಈ ಪ್ರಥಮಗಳದ್ದು ಹನುಮಂತನ ಬಾಲ ಕಣಯ್ಯಾ. ಮೊದಲು ವರ್ಲ್ಡ್ ಪ್ರೀಮಿಯರ್. ಆಮೇಲೆ ಯುರೋಪಿಯನ್ ಪ್ರೀಮಿಯರ್, ಅಮೆರಿಕನ್ ಪ್ರೀಮಿಯರ್, ದೇಶದ್ದು, ನಗರದ್ದು. ಆಮೇಲೆ ಸಣ್ಣ ಆರ್ಕೆಸ್ಟ್ರಾಕ್ಕೆ ಇಳಿಸಿದ ಆವೃತ್ತಿಯದು, ಹಾಡೋರ ಗುಂಪು, ಕಾಯರ್, ಇಲ್ಲದ್ದು, ಆನ್‌ಲೈನ್‌ನದು..."

"ಎರಡನೇ ಹಾರ್ನ್‌ನವನಿಗೆ ನೆಗಡಿ ಇದ್ದಾಗಿನದು," ನಾಣಿ ಸೇರಿಸಿದ.

"ಅದು ಇನ್ನೂ ಬಂದಿಲ್ಲ. ಸುಬ್ಬುವಿನ ಕಿವಿಗೆ ಹಾಕಿದ್ದೀಯಲ್ಲ, ಮುಂದಿನ ಸೀಸನ್‌ಗೆ ಬರುತ್ತೆ."

ಸುಬ್ಬುವಿಗೆ ರೇಗಿತು. "ಹೊಸದನ್ನು ಮಾಡಿದರೂ ಬೈತೀರಿ, ಮಾಡದಿದ್ದರೂ ಬೈತೀರಿ. ಸತ್ತವರ ಸಿಂಫನಿಗಳನ್ನೇ ನುಡಿಸ್ತಾ ಕೂತರೆ ಬದುಕಿರೋ ಕಂಪೋಸರ್‌ಗಳು ಏನು ಮಾಡಬೇಕು?"

"ಬದುಕಿರೋನಿಗೆ ನೀನು ಕೊಡೋದು ಒಂದು ಸಂಜೆ. ಸತ್ತವನಿಗೆ ವರ್ಷಕ್ಕೆ ಇನ್ನೂರು ಸಂಜೆ. ಲೆಕ್ಕ ನೋಡಿದರೆ ಸಾಯೋದೇ ಲಾಭ."

ಪದ್ದಕ್ಕ ಪೆನ್ಸಿಲ್ ಕೆಳಗಿಟ್ಟರು. "ಬರೀ ಗೇಲಿ ಮಾಡಬೇಡಿ ರಾಯರೇ, ಕಾರಣ ಹೇಳಿ. ಕಮಿಷನ್ ಕೊಡೋ, ಅಂದರೆ ದುಡ್ಡು ಕೊಟ್ಟು ಹೊಸ ಕೃತಿ ಬರೆಸೋ ಸಂಸ್ಥೆಗೆ ಒಪ್ಪಂದದಲ್ಲಿ ಸಿಗೋದು ಪ್ರಥಮ ಪ್ರದರ್ಶನದ ಹಕ್ಕು. ಕೆಲವು ಕಡೆ ಆಮೇಲೂ ಒಂದಷ್ಟು ತಿಂಗಳು ಬೇರೆ ಯಾರೂ ನುಡಿಸೋ ಹಾಗಿಲ್ಲ. ಎಲ್ಲ ವಾದ್ಯಗಳ ಸ್ವರ ಒಟ್ಟಿಗೆ ಬರೆದ ಸ್ಕೋರಿನ ಮೊದಲ ಪುಟದಲ್ಲಿ ಯಾರು ಬರೆಸಿದರು, ಯಾವ ದಿನ, ಯಾವ ಸಭಾಂಗಣ, ಯಾವ ಆರ್ಕೆಸ್ಟ್ರಾ, ಯಾವ ಕಂಡಕ್ಟರ್, ಎಲ್ಲಾ ಅಚ್ಚಾಗುತ್ತೆ. ಎರಡನೇ ಸಲ ನುಡಿಸಿದವರ ಹೆಸರು ಹಾಕೋ ಜಾಗ ಯಾವ ಸ್ಕೋರಿನಲ್ಲೂ ಇಲ್ಲ. ಧನಸಹಾಯದ ಅರ್ಜಿಯಲ್ಲೂ 'ಎಷ್ಟು ಹೊಸ ಕೃತಿ' ಅಂತ ಕೇಳ್ತಾರೆಯೇ ಹೊರತು 'ಎಷ್ಟನ್ನು ಮತ್ತೆ ನುಡಿಸಿದಿರಿ' ಅಂತ ಕೇಳೋರು ಕಡಿಮೆ. ವಿಮರ್ಶಕರು ಬರೋದೂ ಒಂದೇ ಸಲ."

"ಅದಕ್ಕೇ ಐದಾರು ಆರ್ಕೆಸ್ಟ್ರಾಗಳು ಸೇರಿ ಒಟ್ಟಿಗೆ ಕಮಿಷನ್ ಕೊಡ್ತಾರಲ್ಲ," ಸುಬ್ಬು ತಿರುಗಿಬಿದ್ದ. "ಖರ್ಚು ಹಂಚಿಹೋಗುತ್ತೆ. ಒಬ್ಬರಿಗೆ ವರ್ಲ್ಡ್ ಪ್ರೀಮಿಯರ್, ಉಳಿದವರಿಗೆ ಅವರವರ ಊರಿನ ಪ್ರೀಮಿಯರ್. ಕೃತಿ ಐದಾರು ಸಲ ಆಯ್ತಲ್ಲ!"

"ಅದನ್ನು ಒಪ್ಪಿದೆ," ಅಂದರು ರಾಯರು. "ಎರಡನೇ ಸಲ ಅಂದರೆ ಯಾರೂ ಬರೋದಿಲ್ಲ, ಅದಕ್ಕೇ ಐದಕ್ಕೂ ಪ್ರಥಮ ಅಂತ ಬಣ್ಣ ಬಳಿದು ಕೂರಿಸೋದು. ಆರಂಭಶೂರರನ್ನು ಐದು ಸಲ ಆರಂಭ ಮಾಡಿಸೋ ಉಪಾಯ ಯಾರು ಕಂಡುಹಿಡಿದರೋ, ಅವರ ಕೈಗೊಂದು ಚಿನ್ನದ ಕಡಗ ತೊಡಿಸಬೇಕು."

ನಾಣಿಗೆ ಹಣ, ಒಪ್ಪಂದ ಇದ್ಯಾವುದೂ ಹಿಡಿಸಲಿಲ್ಲ. "ಒಂದೇ ಸಲ ನುಡಿಸಿದರೆ ಏನು ನಷ್ಟ? ಆ ಒಂದು ಸಲ ಚೆನ್ನಾಗಿ ನುಡಿಸಿದರಾಯ್ತಪ್ಪ."

ಪದ್ದಕ್ಕ ನಕ್ಕರು. "ಆಗೋದೇ ಇಲ್ಲ ಕಣೋ. ಲೆಕ್ಕ ಹಾಕು. ನಾಲ್ಕು ರಿಹರ್ಸಲ್, ಒಂದೊಂದು ಎರಡೂವರೆ ಗಂಟೆ. ಒಟ್ಟು 600 ನಿಮಿಷ. ಮಧ್ಯೆ 20 ನಿಮಿಷದ ಬಿಡುವು ನಾಲ್ಕು ಸಲ ಕಳೆ, 520. ಕಡೇದು ಡ್ರೆಸ್ ರಿಹರ್ಸಲ್, ಅದರಲ್ಲಿ ನಿಲ್ಲಿಸಿ ತಿದ್ದೋ ಹಾಗಿಲ್ಲ. ಮಾಮೂಲಿ ಕಾರ್ಯಕ್ರಮದಲ್ಲಿ 45 ನಿಮಿಷದ ಸಿಂಫನಿ ಇರುತ್ತೆ, 35 ನಿಮಿಷದ ಕನ್ಚೆರ್ಟೊ ಇರುತ್ತೆ, ಅದಕ್ಕೆ ಹೊರಗಿನಿಂದ ಬಂದ ದೊಡ್ಡ ಸೋಲೋಯಿಸ್ಟ್ ಇರ್ತಾರೆ. 12 ನಿಮಿಷದ ಹೊಸ ಕೃತಿಗೆ ಕೊನೆಗೆ ಉಳಿಯೋದು ನೂರು ನಿಮಿಷ ಅಂದುಕೋ. ಸಿಂಫನಿಯಾದರೆ ಎಲ್ಲರ ಬೆರಳಲ್ಲೂ ಇದೆ. ಹೊಸದರಲ್ಲಿ ಕಂಡಕ್ಟರ್‌ಗೂ ಸ್ಕೋರೇ ಗತಿ."

"ನೂರು ನಿಮಿಷದಲ್ಲಿ 12 ನಿಮಿಷದ್ದನ್ನು ಎಂಟು ಸಲ ನುಡಿಸಬಹುದು," ಅಂದ ಸುಬ್ಬು.

"ನಿಲ್ಲಿಸದೆ ನುಡಿಸಿದರೆ! ಆರ್ಕೆಸ್ಟ್ರಾ ಎಷ್ಟು ಜನ ಅಂತ ನೋಡು. ತಂತಿವಾದ್ಯ 16, 14, 12, 10, 8 ಅಂತ ಅರವತ್ತು. ಊದುವಾದ್ಯ, ಹಾರ್ನ್, ಟ್ರಂಪೆಟ್, ಟ್ರಾಂಬೋನ್, ತಾಳವಾದ್ಯ, ಹಾರ್ಪ್ ಎಲ್ಲ ಸೇರಿ 28. ಒಟ್ಟು 88. ನಾಲ್ಕನೇ ಹಾರ್ನ್‌ನವನು ಕೈ ಎತ್ತಿ 'ಬಾರ್ 147ರಲ್ಲಿ ನನಗೆ ಬಿ ಇದೆ, ಬಿ ಫ್ಲ್ಯಾಟ್ ಇರಬೇಕಾ?' ಅಂತ ಕೇಳ್ತಾನೆ. ಕಂಡಕ್ಟರ್ ಸ್ಕೋರಿಗೆ ಬಗ್ತಾರೆ, ಕಂಪೋಸರ್ ಹಿಂದಿನ ಸೀಟಿನಿಂದ ಓಡಿ ಬರ್ತಾರೆ. ಅಷ್ಟಕ್ಕೇ ಒಂದು ನಿಮಿಷ. ಉಳಿದ 87 ಜನ ಛಾವಣಿ ನೋಡ್ತಾ ಕೂತಿರ್ತಾರೆ. ಇಂಥ ತಪ್ಪು ನಲವತ್ತು ಇದ್ದರೆ ನೂರರಲ್ಲಿ ನಲವತ್ತು ನಿಮಿಷ ಹೋಯ್ತು."

"ನಲವತ್ತು ತಪ್ಪು ಯಾಕಿರುತ್ತೆ? ಈಗ ಎಲ್ಲ ಕಂಪ್ಯೂಟರಿನಲ್ಲೇ ಬರೆಯೋದಲ್ಲವೇ?"

"ಅದಕ್ಕೇ ಇರುತ್ತೆ. ಸ್ಕೋರಿನಲ್ಲಿ ಸರಿ ಇದ್ದದ್ದು ಪಾರ್ಟಿಗೆ ಬಂದಾಗ ಕೆಡುತ್ತೆ. ಎಫ್ ಹಾರ್ನ್ ಬರೆದದ್ದಕ್ಕಿಂತ ನಾಲ್ಕು ಸ್ವರ ಕೆಳಗೆ ಕೇಳಿಸುತ್ತೆ, ಬಿ ಫ್ಲ್ಯಾಟ್ ಕ್ಲಾರಿನೆಟ್ ಒಂದು ಸ್ವರ ಕೆಳಗೆ. ಪಾರ್ಟ್ ಅಚ್ಚು ಹಾಕುವಾಗ ಟ್ರಾನ್ಸ್‌ಪೋಸ್ ಮಾಡೋದು, ಅಂದರೆ ಅದಕ್ಕೆ ತಕ್ಕ ಹಾಗೆ ಸ್ವರ ಏರಿಸಿ ಬರೆಯೋದು ಮರೆತರೆ ಆ ಸಾಲು ಪೂರ್ತಿ ಬೇರೆ ಲೋಕದಲ್ಲಿರುತ್ತೆ. ಇನ್ನು ಪುಟ ತಿರುಗಿಸೋದು. ಇಬ್ಬರು ವಯೊಲಿನ್‌ನವರಿಗೆ ಒಂದು ಸ್ಟ್ಯಾಂಡ್, ಒಂದು ಪಾರ್ಟ್. ಪುಟ ತಿರುಗಿಸೋದು ಒಳಗಡೆ ಕೂತವರ ಕೆಲಸ. ಪುಟದ ಕೊನೆಯಲ್ಲಿ ವಿಶ್ರಾಂತಿ ಬರೋ ಹಾಗೆ ಸಾಲು ಕೂರಿಸದಿದ್ದರೆ, ಎಲ್ಲರದ್ದೂ ಒಂದೇ ಪಾರ್ಟ್ ತಾನೆ, ಹದಿನಾರರಲ್ಲಿ ಎಂಟು ಜನ ಒಂದೇ ಕ್ಷಣಕ್ಕೆ ಬಿಲ್ಲು ಕೆಳಗಿಟ್ಟು ಪುಟಕ್ಕೆ ಕೈ ಹಾಕ್ತಾರೆ. ಫೋರ್ಟಿಸಿಮೊ ಅಂತ ತುಂಬ ಜೋರಾಗಿ ನುಡಿಸೋ ಜಾಗದ ಮಧ್ಯೆ ಸದ್ದು ಅರ್ಧಕ್ಕೆ ಇಳಿಯುತ್ತೆ."

"ಮಾರನೇ ದಿನ ವಿಮರ್ಶಕರು 'ಹಠಾತ್ತನೆ ಕುಗ್ಗುವ ನಾದದ ಅನನ್ಯ ಪ್ರಯೋಗ' ಅಂತ ಬರೀತಾರೆ," ಅಂದರು ರಾಯರು.

ಪದ್ದಕ್ಕನಿಗೆ ಈಗ ಹುರುಪು ಬಂದಿತ್ತು. "ಕಾಗದ ಉಳಿಸೋಕೆ ಅಂತ ಸ್ಟಾಫನ್ನು ಚಿಕ್ಕದು ಮಾಡ್ತಾರೆ. ಐದು ಗೆರೆಗಳ ಎತ್ತರ 7 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಸ್ಟ್ಯಾಂಡಿನ ದೂರಕ್ಕೆ ಕಣ್ಣಿಗೆ ಹತ್ತೋದೇ ಇಲ್ಲ, ತಂತಿಯವರಿಗೆ 8ರ ಮೇಲೆ ಇದ್ದರೆ ಒಳ್ಳೇದು. ಅರವತ್ತು ಬಾರ್ ಸುಮ್ಮನೆ ಕೂತ ಟ್ರಾಂಬೋನ್‌ನವನಿಗೆ ಎಲ್ಲಿ ಶುರು ಅಂತ ಗೊತ್ತಾಗಲಿ ಅಂತ ಸಣ್ಣ ಅಕ್ಷರದಲ್ಲಿ ಬೇರೆಯವರ ಸ್ವರ ಹಾಕ್ತಾರೆ, ಕ್ಯೂ ಅಂತ. ಹಾಕೋದು ಯಾರದ್ದು? ಹಾರ್ಪಿನದು! ಟ್ರಾಂಬೋನ್ ಕೂರೋ ಕಡೆ ಹಾರ್ಪ್ ಕೇಳಿಸಿದ್ದುಂಟೇ? ಹಾರ್ಪಿಗೆ ಏಳು ಪೆಡಲ್, ಒಂದೊಂದಕ್ಕೆ ಮೂರು ಸ್ಥಾನ. ಏಳನ್ನೂ ಒಂದೇ ಎಣಿಕೆಯಲ್ಲಿ ಬದಲಾಯಿಸು ಅಂತ ಬರೆದಿರ್ತಾರೆ. ಪಾಪ, ಆಕೆಗೆ ಕಾಲು ಎರಡೇ. ಟ್ರಂಪೆಟ್‌ಗೆ ಸದ್ದು ತಗ್ಗಿಸೋ ಮ್ಯೂಟ್ ಹಾಕೋಕೂ ಒಂದು ಕ್ಷಣ ಬೇಕಪ್ಪ. ಕಂಪ್ಯೂಟರಿನಲ್ಲಿ ಕೇಳುವಾಗ ಇದ್ಯಾವುದೂ ತಿಳಿಯೋಲ್ಲ. ಅದಕ್ಕೆ ಉಸಿರೂ ಬೇಡ, ಕಾಲೂ ಬೇಡ, ಮೌಸ್ ಎಳೆದರೆ ಕೊಳಲಿನ ಕೆಳಸ್ವರವೂ ಟ್ರಾಂಬೋನಿನ ಮೇಲೆ ಕೇಳಿಸುತ್ತೆ. ಮೊದಲ ರಿಹರ್ಸಲ್‌ಗೆ ಎರಡು ತಿಂಗಳು ಮುಂಚೆ, ತಂತಿಯವರಿಗೆ ಇಬ್ಬರಿಗೊಂದರಂತೆ, 58 ಪಾರ್ಟೂ ಬಂದರೆ ಲೈಬ್ರೇರಿಯನ್ ನೋಡಿ ತಿದ್ದಿಸಬಹುದು. ಬರೋದು ಹಿಂದಿನ ವಾರ."

"ಹಾಗಾದರೆ ಪ್ರೀಮಿಯರ್ ದಿನ ತಪ್ಪೇ ಜಾಸ್ತಿ ಅಂತಾಯ್ತು," ನಾಣಿ ಗಾಬರಿಯಾದ. "ಜನಕ್ಕೆ ಗೊತ್ತಾಗಲ್ಲವೇ?"

"ಹೇಗೆ ಗೊತ್ತಾಗುತ್ತೆ?" ರಾಯರು ಕುರ್ಚಿಯಲ್ಲಿ ಸರಿಯಾಗಿ ಕೂತರು. "ಬೀಟೊವನ್‌ನ ಐದನೇ ಸಿಂಫನಿಯಲ್ಲಿ ಒಂದು ಹಾರ್ನ್ ಜಾರಿದರೆ ಕೊನೇ ಸಾಲಿನವನೂ ಪಕ್ಕದವನ ಮೊಣಕೈ ತಿವೀತಾನೆ. ಹೊಸದರಲ್ಲಿ ತಪ್ಪು ಗೊತ್ತಿರೋದು ಒಬ್ಬರಿಗೇ, ಬರೆದವರಿಗೆ. ಅವರು ಮುಗಿದ ಮೇಲೆ ವೇದಿಕೆಗೆ ಬಂದು ನಗುತ್ತಾ ಬಗ್ಗಬೇಕು. ಎರಡನೇ ಸಲ ನುಡಿಸಿದರೆ ತಪ್ಪು ಹಿಡಿಯೋರು ನಾಲ್ಕು ಜನ ಆಗ್ತಾರೆ. ಎರಡನೇ ಪ್ರದರ್ಶನಕ್ಕೆ ಎಲ್ಲರೂ ಹೆದರೋದು ಅದಕ್ಕೇ."

ಸುಬ್ಬು ಸೋಲುವ ಪೈಕಿ ಅಲ್ಲ. "ಚರಿತ್ರೆ ಆಗೋದು ಪ್ರಥಮ ಪ್ರದರ್ಶನದಲ್ಲೇ ರಾಯರೇ. ಸ್ಟ್ರಾವಿನ್ಸ್ಕಿಯ 'ರೈಟ್ ಆಫ್ ಸ್ಪ್ರಿಂಗ್' ನೋಡಿ. 1913ರ ಮೇ 29, ಪ್ಯಾರಿಸ್. ಕೂಗಾಟ, ಗದ್ದಲ. ನೂರು ವರ್ಷ ಆದಮೇಲೂ ಅದನ್ನೇ ಮಾತಾಡ್ತೀವಿ."

"ನೀನು ಅಲ್ಲಿಗೇ ನಿಲ್ಲಿಸ್ತೀಯ ಅಂತ ಗೊತ್ತಿತ್ತು. ಮುಂದೆ ಓದು. ಅದು ಬ್ಯಾಲೆ. ಗಲಾಟೆಯಲ್ಲಿ ಸಂಗೀತ ಕೇಳಿಸಿದ್ದೇ ಅಷ್ಟರಲ್ಲಿತ್ತು. ಮುಂದಿನ ವರ್ಷ ಏಪ್ರಿಲ್ 5ಕ್ಕೆ ಅದೇ ಪ್ಯಾರಿಸ್‌ನಲ್ಲಿ, ಅದೇ ಕಂಡಕ್ಟರ್ ಮೊಂತ್ಯೂ, ಕುಣಿತ ಬಿಟ್ಟು ಬರೀ ಸಂಗೀತಕಛೇರಿಯಾಗಿ ನುಡಿಸಿದರು. ಮುಗಿದಾಗ ಜನ ಸ್ಟ್ರಾವಿನ್ಸ್ಕಿಯನ್ನು ಹೆಗಲ ಮೇಲೆ ಹೊತ್ತು ಬೀದಿಗೆ ತಂದರು. ಹೆಗಲ ಸವಾರಿ ಸಿಕ್ಕಿದ್ದು ಮರುಪ್ರದರ್ಶನದಲ್ಲಿ ಕಣಪ್ಪಾ. ಆ ಮೊದಲ ರಾತ್ರಿಗೇ ಬಿಟ್ಟಿದ್ದರೆ ಇವತ್ತು ಅದು ಪೊಲೀಸ್ ಕಥೆ ಆಗಿರ್ತಿತ್ತು."

"ಸರಿ, ಅದು ಹಳೇದು. ಅಮೆರಿಕದ ಕಂಪೋಸರ್ ಸ್ಟೀವ್ ರೈಕ್‌ನ 'ಫೋರ್ ಆರ್ಗನ್ಸ್' ತಗೊಳ್ಳಿ. ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಎಂಥಾ ಗಲಾಟೆ!"

ರಾಯರ ಮುಖ ಅರಳಿತು. "ಭೇಷ್! ಅದರಲ್ಲಿ ಏನೇನಿದೆ ಹೇಳು ನೋಡೋಣ."

ಸುಬ್ಬು ಗೊತ್ತಿದ್ದಷ್ಟು ಹೇಳಿದ. ನಾಲ್ಕು ಎಲೆಕ್ಟ್ರಿಕ್ ಆರ್ಗನ್, ಒಬ್ಬರ ಕೈಯಲ್ಲಿ ಗಿಲಕಿಯಂಥ ಮರಾಕಾಸ್. ಮರಾಕಾಸ್ ಶುರುವಿನಿಂದ ಕೊನೆಯವರೆಗೆ ಒಂದೇ ಸಮನೆ, ಎಲ್ಲೂ ನಿಲ್ಲುವುದಿಲ್ಲ. ಆರ್ಗನ್‌ಗಳಿಗೆ ಇರುವುದು ಒಂದೇ ಸ್ವರಗುಚ್ಛ. ಮೊದಲು ಚುಟುಕಾಗಿ ಬಡಿಯುವ ಅದು ಬರಬರುತ್ತಾ ಉದ್ದವಾಗುತ್ತದೆ, ಒಂದೊಂದೇ ಸ್ವರ ಮುಂಚೆ ಬಂದು, ತಡವಾಗಿ ಬಿಟ್ಟು. ಹನ್ನೊಂದು ಎಣಿಕೆಯ ಬಾರ್ ಕೊನೆಗೆ ಇನ್ನೂರಕ್ಕೂ ಹೆಚ್ಚು ಎಣಿಕೆಯಾಗಿ ಹಿಗ್ಗುತ್ತದೆ.

"ಎಣಿಸೋದು ತಪ್ಪಿದರೆ?" ನಾಣಿ ಕೇಳಿದ.

"ತಪ್ಪಿದರೆ ಮತ್ತೆ ಸೇರಿಕೊಳ್ಳೋಕೆ ಹಿಡಿಯೇ ಇಲ್ಲ," ಅಂದರು ಪದ್ದಕ್ಕ. "ರಾಗ ಬದಲಾಗಲ್ಲ, ಸ್ವರ ಬದಲಾಗಲ್ಲ. ಪಕ್ಕದವರ ಎಣಿಕೆ ಒಂದೇ ಆಧಾರ. ಕಾರ್ನೆಗಿಯಲ್ಲಿ ಜನರ ಕೂಗಾಟಕ್ಕೆ ಮರಾಕಾಸೇ ಕೇಳಿಸದೆ ಕಂಡಕ್ಟರ್ ಮೈಕಲ್ ಟಿಲ್ಸನ್ ಥಾಮಸ್ ತಾವೇ ಆರ್ಗನ್ ನುಡಿಸ್ತಾ ನುಡಿಸ್ತಾ ಬಾರ್ ನಂಬರನ್ನು ಗಟ್ಟಿಯಾಗಿ ಕೂಗಬೇಕಾಯ್ತಂತೆ. ಒಬ್ಬಾಕೆ ವೇದಿಕೆ ಹತ್ತಿರ ಬಂದು 'ನಿಲ್ಲಿಸಿ, ತಪ್ಪೊಪ್ಪಿಕೊಳ್ತೀನಿ' ಅಂತ ಗೋಗರೆದಳು ಅಂತಲೂ ಅವರು ಹೇಳ್ತಾರೆ."

"ನೋಡಿದಿರಾ!" ಸುಬ್ಬು ಎದ್ದು ನಿಂತ. "ಅದು ಪ್ರೀಮಿಯರ್‌ನ ಗತ್ತು!"

"ಆ ರಾತ್ರಿ 1973ರ ಜನವರಿ 18," ಅಂದರು ರಾಯರು. "ಕೃತಿಯ ಪ್ರೀಮಿಯರ್ ಆಗಿದ್ದು 1970ರಲ್ಲಿ, ಗುಗೆನ್‌ಹೈಮ್ ಮ್ಯೂಸಿಯಮ್ಮಿನಲ್ಲಿ. 1971ರಲ್ಲಿ ಬಾಸ್ಟನ್‌ನಲ್ಲೂ ಆಯ್ತು. ಗಲಾಟೆಯೂ ಪ್ರಥಮ ಪ್ರದರ್ಶನದ್ದಲ್ಲ, ಮರುಪ್ರದರ್ಶನದ್ದು."

ಸುಬ್ಬು ಕೂತ. ನಾಣಿ ಅವನ ಬೆನ್ನು ಸವರಿದ.

"ಯೋಚನೆ ಮಾಡು," ರಾಯರು ಮುಂದುವರಿಸಿದರು, "ಮ್ಯೂಸಿಯಮ್ಮಿಗೆ ಬಂದವರು ಇಂಥದ್ದನ್ನು ಕೇಳೋಕೇ ಬಂದವರು. ನೆಲದ ಮೇಲೆ ಕೂತು ಕೇಳೋ ಜನ. ಕಾರ್ನೆಗಿಗೆ ಬಂದವರು ವರ್ಷದ ಚಂದಾ ಕಟ್ಟಿ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾ ನುಡಿಸೋ ಫ್ರಾಂಜ್ ಲಿಸ್ಟ್, ಬಾರ್ಟೋಕ್ ಇವರ ಕೃತಿ ಕೇಳೋಕೆ ಬಂದವರು. ಕೃತಿ ಅದೇ, ಎಣಿಕೆ ಅದೇ. ಅದು ಯಾರಿಗೆ ಚುಚ್ಚುತ್ತೆ, ಯಾರಿಗೆ ಹಿಡಿಸುತ್ತೆ ಅಂತ ತಿಳಿಯಬೇಕಾದರೆ ನಾಲ್ಕು ಕಡೆ ಹೊತ್ತುಕೊಂಡು ಹೋಗಬೇಕು. ಅದನ್ನು ಆ ಕಾಲದವರು ತಾವೇ ಹೊತ್ತರು. ರೈಕ್, ಅವನಂತೆಯೇ ಕಂಪೋಸರ್ ಆದ ಫಿಲಿಪ್ ಗ್ಲಾಸ್, ಇಬ್ಬರೂ ದೊಡ್ಡ ಆರ್ಕೆಸ್ಟ್ರಾಗಳ ಬಾಗಿಲು ಕಾಯದೆ ತಮ್ಮ ತಮ್ಮ ತಂಡ ಕಟ್ಟಿಕೊಂಡು ಅದನ್ನದನ್ನೇ ನುಡಿಸಿದರು. ಹೊಟ್ಟೆಪಾಡಿಗೆ ಇಬ್ಬರೂ ಜೊತೆಗೂಡಿ ಮನೆ ಸಾಮಾನು ಸಾಗಿಸೋ ಕೆಲಸವನ್ನೂ ಮಾಡಿದರು."

"ಗ್ಲಾಸ್‌ದು ಒಂದು ಚೆನ್ನಾಗಿದೆ," ಅಂದರು ಪದ್ದಕ್ಕ. "1968ರ ಸುಮಾರಿಗೆ ಅವನು, ಜಾನ್ ಗಿಬ್ಸನ್, ಎರಡು ಕೊಳಲು. ಸ್ಟ್ಯಾಂಡುಗಳನ್ನು ಚೌಕಾಕಾರಕ್ಕೆ ಜೋಡಿಸಿ ಹಾಳೆಗಳನ್ನು ಒಳಗೂ ಹೊರಗೂ ಸಾಲಾಗಿ ಹಚ್ಚಿದ್ದರು. ಒಬ್ಬ ಚೌಕದ ಒಳಗೆ, ಒಬ್ಬ ಹೊರಗೆ, ನುಡಿಸ್ತಾ ನುಡಿಸ್ತಾ ನಡೀಬೇಕು. ಪುಟ ತಿರುಗಿಸೋ ಗೋಜೇ ಇಲ್ಲ."

"88 ಜನರನ್ನೂ ಹಾಗೇ ನಡೆಸಿದರೆ?" ನಾಣಿಯ ಕಣ್ಣು ಹೊಳೆಯಿತು.

"ಡಬಲ್ ಬಾಸ್‌ನವರು ಯೂನಿಯನ್‌ಗೆ ಹೋಗ್ತಾರೆ."

ರಾಯರು ಮಾತಿನ ಜಾಡು ಬಿಡಲಿಲ್ಲ. "ರೈಕ್‌ನ 'ಮ್ಯೂಸಿಕ್ ಫಾರ್ 18 ಮ್ಯೂಸಿಷಿಯನ್ಸ್' 1976ರ ಏಪ್ರಿಲ್ 24ಕ್ಕೆ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಮೊದಲು ಆಯ್ತು. ಕಂಡಕ್ಟರೇ ಇಲ್ಲ. ಮುಂದಿನ ಭಾಗಕ್ಕೆ ಹೋಗೋ ಸನ್ನೆ ವೈಬ್ರಫೋನಿನಿಂದ ಬರುತ್ತೆ. ಹಾಡೋರು, ಕ್ಲಾರಿನೆಟ್‌ನವರು ಒಂದು ಉಸಿರು ಎಷ್ಟು ಹೊತ್ತೋ ಅಷ್ಟು ಹೊತ್ತು ಸ್ವರವನ್ನು ಏರಿಸಿ ಇಳಿಸ್ತಾರೆ. ಇದನ್ನು ಕಾಗದದಲ್ಲಿ ಪೂರ್ತಿ ಸ್ಕೋರಾಗಿ ಇಳಿಸೋದಕ್ಕೆ ಮುಂದೆ ಇಪ್ಪತ್ತು ವರ್ಷ ಹಿಡೀತು. ಅಲ್ಲಿವರೆಗೆ ಆ ಕೃತಿ ಇದ್ದದ್ದು ಆ ತಂಡದವರ ತಲೆಯಲ್ಲಿ, ಅಭ್ಯಾಸದಲ್ಲಿ. ನುಡಿಸಿ ನುಡಿಸಿಯೇ ಉಳಿಸಿಕೊಂಡರು."

"ಗ್ಲಾಸ್‌ನ 'ಐನ್‌ಸ್ಟೈನ್ ಆನ್ ದ ಬೀಚ್' ಮೆಟ್ರೊಪಾಲಿಟನ್ ಒಪೆರಾದಲ್ಲಿ ಎರಡೂ ದಿನ ತುಂಬಿದ ಸಭೆ, ಅದೇ 1976ರಲ್ಲಿ," ಸುಬ್ಬು ಕೊನೇ ಬಾಣ ಬಿಟ್ಟ.

"ಆಮೇಲೆ ಅವನು ಟ್ಯಾಕ್ಸಿ ಓಡಿಸೋದಕ್ಕೆ ವಾಪಸ್ ಹೋದ. ಸಭೆ ತುಂಬಿತ್ತು, ಸಾಲವೂ ತುಂಬಿತ್ತು."

ನಾಣಿ ಬಹಳ ಹೊತ್ತಿನಿಂದ ಏನನ್ನೋ ಮೆಲುಕು ಹಾಕುತ್ತಿದ್ದ. "ಒಂದೇ ಸಂಜೆಯಲ್ಲಿ ಎರಡು ಸಲ ನುಡಿಸಿಬಿಟ್ಟರೆ? ಪ್ರಥಮವೂ ಆಯ್ತು, ದ್ವಿತೀಯವೂ ಆಯ್ತು."

"ಅದರಲ್ಲಿ ಸಾಟೀನೇ ಇಲ್ಲದವನು ಫ್ರಾನ್ಸಿನ ಕಂಪೋಸರ್ ಎರಿಕ್ ಸತೀ," ಅಂದರು ರಾಯರು. "'ವೆಕ್ಸೇಶನ್ಸ್' ಅಂತ ಒಂದು ಪುಟದ್ದು, ಪಿಯಾನೊಗೆ. 840 ಸಲ ನುಡಿಸು ಅನ್ನೋ ಹಾಗೆ ಒಂದು ಸಾಲು ಬರೆದಿಟ್ಟ. ಅವನು ಸತ್ತು ಎಷ್ಟೋ ವರ್ಷದ ಮೇಲೆ, 1963ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಕಂಪೋಸರ್ ಜಾನ್ ಕೇಜ್ ಅದನ್ನು ನ್ಯೂಯಾರ್ಕಿನ ಪಾಕೆಟ್ ಥಿಯೇಟರ್‌ನಲ್ಲಿ ಪೂರ್ತಿ ನುಡಿಸಿಸಿದ. ಪಿಯಾನೊದವರು ಸರದಿ ಮೇಲೆ. ಸಂಜೆ ಆರಕ್ಕೆ ಶುರು, ಮಾರನೇ ಮಧ್ಯಾಹ್ನ 12.40ಕ್ಕೆ ಮುಗಿತಾಯ. ಟಿಕೆಟ್ 5 ಡಾಲರ್, ಕೂತ ಪ್ರತಿ 20 ನಿಮಿಷಕ್ಕೆ 5 ಸೆಂಟ್ ವಾಪಸ್. ಪ್ರಥಮ ಪ್ರದರ್ಶನದಲ್ಲೇ 839 ಮರುಪ್ರದರ್ಶನ ಮುಗಿಸಿಕೊಂಡ ಕಂಪೋಸರ್ ಅವನೊಬ್ಬನೇ."

"ಪೂರ್ತಿ ಕೂತರೆ ಎಷ್ಟು ವಾಪಸ್?" ನಾಣಿ ಬೆರಳು ಮಡಚಿದ. "ಹದಿನೆಂಟು ಗಂಟೆ ನಲವತ್ತು ನಿಮಿಷ... ಐವತ್ತಾರು ಇಪ್ಪತ್ತುಗಳು... 2 ಡಾಲರ್ 80 ಸೆಂಟ್. ನಷ್ಟವೇ!"

"ಕೊನೇವರೆಗೆ ಕೂತವರಿಗೆ 20 ಸೆಂಟ್ ಇನಾಮೂ ಇತ್ತು."

"ಆಗಲೂ 3 ಡಾಲರೇ."

"ಕೇಜ್‌ನದೇ ಇನ್ನೊಂದಿದೆ. ಆರ್ಗನ್ ಕೃತಿ, ಆದಷ್ಟು ನಿಧಾನಕ್ಕೆ ನುಡಿಸಬೇಕು ಅನ್ನೋದೇ ಸೂಚನೆ. ಅವನು ಬದುಕಿದ್ದಾಗ 1987ರಲ್ಲಿ ಮೊದಲ ಸಲ ನುಡಿಸಿದವರು ಅರ್ಧ ಗಂಟೆಯೊಳಗೆ ಮುಗಿಸಿದ್ದರು. ಜರ್ಮನಿಯ ಹಾಲ್ಬರ್‌ಸ್ಟಾಟ್‌ನ ಹಳೇ ಚರ್ಚಿನಲ್ಲಿ ಈಗ ನಡೀತಿರೋದು 639 ವರ್ಷದ್ದು. 2001ರ ಸೆಪ್ಟೆಂಬರ್ 5ಕ್ಕೆ ಶುರು, ಮುಗಿಯೋದು 2640ಕ್ಕೆ. ಒತ್ತಿದ ಸ್ವರದ ಕೀಲಿ ಮೇಲೇಳದ ಹಾಗೆ ಮರಳಿನ ಚೀಲ ನೇತುಹಾಕಿದ್ದಾರೆ. ಕೃತಿ ವಿಶ್ರಾಂತಿಯಿಂದ ಶುರುವಾಗುತ್ತೆ ನೋಡು, ಹಾಗಾಗಿ ಮೊದಲ ಸ್ವರ ಹೊರಟಿದ್ದೇ 2003ರ ಫೆಬ್ರವರಿ 5ಕ್ಕೆ. ಹದಿನೇಳು ತಿಂಗಳು ತಡವಾಗಿ ಬಂದವರೂ ಏನನ್ನೂ ಕಳೆದುಕೊಳ್ಳಲಿಲ್ಲ."

"ಅದರ ವಿಮರ್ಶೆ ಬರೆಯೋರು ಯಾರು?"

"ಆರಂಭ ಚೆನ್ನಾಗಿದೆ ಅಂತ ಬರೆದು ಸತ್ತುಹೋಗಬೇಕು."

ಎಲ್ಲರೂ ನಕ್ಕರು. ಪದ್ದಕ್ಕ ನಗುತ್ತಲೇ ಮುಂದಿದ್ದ ವಯೋಲಾ ಪಾರ್ಟನ್ನು ನಾಣಿಯ ಕಡೆ ತಿರುಗಿಸಿದರು. ಹಿಂದೆ ನುಡಿಸಿದ್ದ ಹೊಸ ಕೃತಿಯೊಂದರದು. ಪ್ರಕಾಶಕರಿಂದ ಬಾಡಿಗೆಗೆ ಬಂದದ್ದು, ಪೆನ್ಸಿಲ್ ಗುರುತುಗಳನ್ನು ಅಳಿಸಿ ವಾಪಸ್ ಕೊಡಬೇಕು. ಬಿಲ್ಲಿನ ಏರು ಇಳಿತದ ಗುರುತು. 92ನೇ ಬಾರ್ ಮೇಲೆ ಪುಟ್ಟ ಕನ್ನಡಕದ ಚಿತ್ರ.

"ಇದೇನು ಕನ್ನಡಕ?"

"ಇಲ್ಲಿ ತಲೆ ಎತ್ತಿ ಕಂಡಕ್ಟರನ್ನು ನೋಡು ಅಂತ. ಅಲ್ಲಿ ಏನೋ ಎಡವಿದ್ದಾರೆ, ಆಮೇಲೆ ಸರಿಮಾಡಿಕೊಂಡಿದ್ದಾರೆ. ಪುಟ ತಿರುಗಿಸೋ ಕಡೆ ನೋಡು, ಒಳಗಿನವರು ಎರಡು ಬಾರ್ ಬಿಟ್ಟುಬಿಡಿ ಅಂತ ಬರೆದುಕೊಂಡಿದ್ದಾರೆ. ಇಲ್ಲಿ ಎಣಿಕೆಯನ್ನು ಮೂರು, ಎರಡು, ಎರಡು ಅಂತ ಗೆರೆ ಎಳೆದು ಒಡೆದಿದ್ದಾರೆ. ಇಷ್ಟು ಕೆಲಸ ನೂರು ನಿಮಿಷದಲ್ಲಿ ನಡೆದಿದೆ. ಅಳಿಸದೆ ಬಿಟ್ಟರೆ ಎರಡನೇ ಸಲ ನುಡಿಸೋರಿಗೆ ಇದು ಸಿದ್ಧವಾಗಿರೋ ದಾರಿ. ಹಿಂದಿನ ಪುಟ ನೋಡು. ನುಡಿಸಿದವರು ದಿನಾಂಕ, ಎಷ್ಟು ನಿಮಿಷ ಅಂತ ಬರೆದಿಡೋದು ರೂಢಿ."

ನಾಣಿ ಹಿಂದಿನ ಪುಟ ನೋಡಿದ. ಒಂದೇ ದಿನಾಂಕ. ಅದರ ಕೆಳಗೆ ಖಾಲಿ.

"ರೆಕಾರ್ಡಿಂಗ್ ಮಾಡಿರ್ತಾರಲ್ಲ?" ಸುಬ್ಬುವಿನ ದನಿ ಇಳಿದಿತ್ತು.

"ಮಾಡಿರ್ತಾರೆ. ದಾಖಲೆಗಷ್ಟೇ, ಹೊರಗೆ ಕೇಳಿಸೋ ಹಾಗಿಲ್ಲ ಅನ್ನೋ ಷರತ್ತೂ ಎಷ್ಟೋ ಕಡೆ ಇರುತ್ತೆ. ಬರೆದವರು ಎರಡು ವರ್ಷ ಕೂತು ಬರೆದದ್ದನ್ನು 12 ನಿಮಿಷ ಕೇಳಿರ್ತಾರೆ, ಅದೂ ಎದೆ ಹೊಡೆದುಕೊಳ್ತಿರುವಾಗ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ರಾಯರೇ, "ಪೋಲೆಂಡಿನ ಕಂಪೋಸರ್ ಗೊರೆಟ್ಸ್ಕಿಯ ಮೂರನೇ ಸಿಂಫನಿ 1977ರಲ್ಲಿ ಫ್ರಾನ್ಸಿನ ರ‍್ವಾಯಾನ್‌ನಲ್ಲಿ ಮೊದಲು ಆದಾಗ ವಿಮರ್ಶಕರು ಹರಿದುಹಾಕಿದರು," ಅಂದರು. "ಮೂರು ಭಾಗ, ಮೂರೂ ನಿಧಾನ. ಹೊಸ ಸಂಗೀತದ ಉತ್ಸವದಲ್ಲಿ ಇಷ್ಟು ಸರಳವೇ ಅಂತ ಕೋಪ. ಪೋಲೆಂಡಿನವರು ಬಿಡದೆ ನುಡಿಸಿದರು, ಧ್ವನಿಮುದ್ರಿಸಿದರು. 1992ರಲ್ಲಿ ಡಾನ್ ಅಪ್‌ಶಾ ಹಾಡಿದ, ಜಿನ್‌ಮನ್ ನಡೆಸಿದ ಮುದ್ರಿಕೆ ಹತ್ತು ಲಕ್ಷಕ್ಕೂ ಮೀರಿ ಖರ್ಚಾಯ್ತು. ನಡುವೆ ಹದಿನೈದು ವರ್ಷ. ಆ ಹದಿನೈದು ವರ್ಷ ಅದನ್ನು ನುಡಿಸಿದವರ ಕಾರ್ಯಕ್ರಮ ಪಟ್ಟಿಯಲ್ಲಿ ಯಾವ ಪ್ರೀಮಿಯರೂ ಇರಲಿಲ್ಲ ಸುಬ್ಬು."

"ಹಾಗಾದರೆ ಒಂದು ಸಂಘ ಮಾಡೋಣ," ಸುಬ್ಬು ಚೇತರಿಸಿಕೊಂಡ. "ಎರಡನೇ ಪ್ರದರ್ಶನಗಳ ಸಂಘ. ಪ್ರಪಂಚದಲ್ಲೇ ಪ್ರಥಮ!"

"ಪ್ರಥಮ ಅಲ್ಲಯ್ಯಾ. ಕಂಪೋಸರ್ ಷೋನ್‌ಬರ್ಗ್ 1918ರಲ್ಲೇ ವಿಯೆನ್ನಾದಲ್ಲಿ ಮಾಡಿದ. ಸದಸ್ಯರಿಗೆ ಮಾತ್ರ ಪ್ರವೇಶ, ವಿಮರ್ಶಕರಿಗೆ ಬಾಗಿಲು ಬಂದ್. ಚಪ್ಪಾಳೆ ಹೊಡೆಯೋ ಹಾಗಿಲ್ಲ. ಏನು ನುಡಿಸ್ತೀವಿ ಅಂತ ಮುಂಚೆ ಹೇಳೋದಿಲ್ಲ, ಇಷ್ಟವಾದ್ದಕ್ಕೆ ಮಾತ್ರ ಬಂದು ಉಳಿದದ್ದಕ್ಕೆ ಚಕ್ಕರ್ ಹಾಕೋ ಹಾಗಿಲ್ಲ. ಸಾಕೆನಿಸುವಷ್ಟು ರಿಹರ್ಸಲ್. ಆರ್ಕೆಸ್ಟ್ರಾಕ್ಕೆ ದುಡ್ಡಿಲ್ಲ, ಹಾಗಾಗಿ ದೊಡ್ಡ ಕೃತಿಗಳನ್ನು ಪಿಯಾನೊಗೋ ಸಣ್ಣ ಗುಂಪಿಗೋ ಇಳಿಸಿ ನುಡಿಸೋದು. ಮುಖ್ಯ ನಿಯಮ, ನುಡಿಸಿದ್ದನ್ನು ಮತ್ತೆ ನುಡಿಸೋದು. 1921ರವರೆಗೆ 117 ಕಛೇರಿ, 154 ಕೃತಿ, 353 ಪ್ರದರ್ಶನ."

"ಕೃತಿಗೆ ಎರಡೂಕಾಲು ಸಲ," ನಾಣಿ ಭಾಗಿಸಿದ. "ಕಾಲು ಸಲ ನುಡಿಸಿದ್ದು ಹೇಗೆ?"

"ಆಮೇಲೆ ಯಾಕೆ ನಿಂತಿತು?" ಸುಬ್ಬು ಕೇಳಿದ.

"ದುಡ್ಡಿನ ಬೆಲೆ ಬಿದ್ದುಹೋಯ್ತು. ಹಣದುಬ್ಬರ."

"ನಮಗೆ ಬೀಳೋದಕ್ಕೆ ದುಡ್ಡೇ ಇಲ್ಲ, ಧೈರ್ಯವಾಗಿ ಶುರು ಮಾಡಬಹುದು," ಅಂದ ಸುಬ್ಬು. "ಏನು ನುಡಿಸೋಣ? ತಾಳದ ವೇಗ ತೋರಿಸೋ ನೂರು ಮೆಟ್ರೊನೋಮ್ ಯಂತ್ರಗಳಿಗೇ ಕಂಪೋಸರ್ ಲಿಗೆಟಿ ಬರೆದದ್ದು?"

"ಬೇಡ. ಹಳೇ ಕಾಲದ ಕೀಲಿ ಕೊಡೋ ನೂರು ಎಲ್ಲಿ ತರ್ತೀಯ? ಒಂದೊಂದಕ್ಕೂ ಕೀಲಿ ಕೊಟ್ಟು, ಒಂದೊಂದಕ್ಕೂ ಬೇರೆ ವೇಗ ಇಟ್ಟು, ಎಲ್ಲವನ್ನೂ ಕೂಡಿಯೇ ಬಿಡಬೇಕು. ಮೇಜು ಒಂದು ಚೂರು ವಾಲಿದ್ದರೂ ಕುಂಟ್ತಾವೆ, ಅರ್ಧಕ್ಕೇ ನಿಲ್ತಾವೆ. 1963ರಲ್ಲಿ ಹಾಲೆಂಡಿನ ಹಿಲ್‌ವರ್ಸಮ್‌ನಲ್ಲಿ ಆದ ಮೊದಲ ಪ್ರದರ್ಶನವನ್ನು ಟಿವಿಯವರು ಚಿತ್ರೀಕರಿಸಿ, ಪ್ರಸಾರದ ಹೊತ್ತಿಗೆ ಫುಟ್‌ಬಾಲ್ ಪಂದ್ಯ ಹಾಕಿದರು."

"ರೈಕ್‌ನ 'ಕ್ಲ್ಯಾಪಿಂಗ್ ಮ್ಯೂಸಿಕ್' ಇದೆಯಲ್ಲ," ಅಂದರು ಪದ್ದಕ್ಕ. "1972ರದು. ವಾದ್ಯ ಬೇಡ, ಪಾರ್ಟ್ ಬೇಡ, ಪುಟ ಬೇಡ. ಇಬ್ಬರು, ನಾಲ್ಕು ಕೈ. ಹನ್ನೆರಡು ಎಣಿಕೆ. ಮೂರು ತಟ್ಟು, ಒಂದು ಬಿಡು. ಎರಡು ತಟ್ಟು, ಒಂದು ಬಿಡು. ಒಂದು ತಟ್ಟು, ಒಂದು ಬಿಡು. ಎರಡು ತಟ್ಟು, ಒಂದು ಬಿಡು. ಒಬ್ಬರು ಕೊನೇವರೆಗೆ ಇದನ್ನೇ ತಟ್ತಾರೆ. ಇನ್ನೊಬ್ಬರು ಪ್ರತಿ ಬಾರನ್ನು ಹನ್ನೆರಡು ಸಲ ತಟ್ಟಿ ಒಂದು ಎಣಿಕೆ ಮುಂದಕ್ಕೆ ಸರೀತಾರೆ. ಹನ್ನೆರಡು ಸಲ ಸರಿದಾಗ ಇಬ್ಬರೂ ಮತ್ತೆ ಒಂದಾಗ್ತಾರೆ. ಐದು ನಿಮಿಷದ ಕೆಲಸ."

"ಸುಬ್ಬು ಬದಲಾಗದ ಭಾಗ, ನಾಣಿ ಸರಿಯೋ ಭಾಗ," ರಾಯರು ಹಂಚಿದರು.

"ನನಗ್ಯಾಕೆ ಬದಲಾಗದ್ದು? ಅದರಲ್ಲಿ ಹೊಸದೇನಿದೆ?"

"ಅದಕ್ಕೇ ನಿನಗೆ."

ಇಬ್ಬರೂ ತಟ್ಟತೊಡಗಿದರು. ಮೊದಲ ಬಾರ್ ಗಟ್ಟಿಯಾಗಿ ನಿಂತಿತು. ಎರಡನೆಯದಕ್ಕೆ ಸರಿದ ನಾಣಿ ನಾಲ್ಕು ಸಲ ಸರಿಯಾಗಿ ತಟ್ಟಿ, ಐದನೆಯದಕ್ಕೆ ಜಾರಿ ಸುಬ್ಬುವಿನ ಜೊತೆಗೇ ಬಂದು ಸೇರಿಕೊಂಡ.

"ನೀನು ಮೂರು ತಟ್ಟೋದನ್ನೇ ಮೊದಲು ಅಂದುಕೊಳ್ತಿದ್ದೀಯ," ಅಂದರು ಪದ್ದಕ್ಕ. "ಹಾಗೆ ಅಂದುಕೊಂಡರೆ ಕಿವಿ ಎಳೆದುಬಿಡುತ್ತೆ. ಸರಿದ ಮೇಲೂ ಬಾರಿನ ಒಂದು ಇಬ್ಬರಿಗೂ ಒಂದೇ ಜಾಗ. ನಿನ್ನ ಹೊಸ ಸಾಲು ಎರಡು ತಟ್ಟಿನಿಂದ ಶುರು. ಆ ಎರಡರ ಮೊದಲನೇದೇ ನಿನ್ನ ಒಂದು."

"ನಾನೂ ನಿಲ್ಲಿಸಲಾ?" ಸುಬ್ಬು ಕೇಳಿದ. ಅವನ ಅಂಗೈ ಆಗಲೇ ಕೆಂಪಾಗಿತ್ತು.

"ನೀನು ನಿಲ್ಲಿಸಬೇಡ. ಬದಲಾಗದವರು ನಿಂತರೆ ಅವನು ಯಾರ ಮೇಲೆ ಸರೀತಾನೆ? ಅಂಗೈಯನ್ನು ಚಪ್ಪಟೆ ಹೊಡೀಬೇಡ, ಸ್ವಲ್ಪ ಬಟ್ಟಲು ಮಾಡಿಕೋ, ನೋವು ಕಡಿಮೆ. ನಾಣಿ, ಎರಡನೇ ಬಾರಿನಿಂದ ಮತ್ತೆ ಹಿಡಿ."